ಮಾವಿಗೆ ಡಿಎಪಿ ಚೀಲ ಎತ್ತೋ ಮುಂಚೆ

ನವೆಂಬರ್ ಬಂತು ಅಂದ್ರೆ ನನ್ನ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ. ಮರದ ಫೋಟೋ ಹಾಕಿ, ‘ಅಣ್ಣಾ, ಹೂವು ಚೆನ್ನಾಗಿ ಬರ್ಬೇಕು, ಯಾವ ಗೊಬ್ಬರ ಹಾಕ್ಲಿ?’ ಅಂತ ಕೇಳ್ತಾರೆ. ‘ಈಗ ಏನೂ ಹಾಕ್ಬೇಡಪ್ಪ’ ಅಂದ್ರೆ ಬೇಜಾರು ಮಾಡ್ಕೊಳ್ತಾರೆ. ಆದ್ರೂ ನನ್ನ ಉತ್ತರ ಅದೇ.

ಉತ್ತರ ಭಾರತದಲ್ಲಿ ಚಳಿ ಜೋರು. ಆ ಚಳಿಯೇ ಮಾವಿನ ಮರ ಚಿಗುರದಂತೆ ತಡೆದು ಹೂವಿಗೆ ತಿರುಗಿಸುತ್ತೆ. ಕೋಲಾರ, ಚಿಂತಾಮಣಿ, ರಾಮನಗರದ ಕಡೆ ಚಳಿ ಅಷ್ಟಿಲ್ಲ. ನಮ್ಮಲ್ಲಿ ಹೂವು ಬರಬೇಕಾದ್ರೆ ಹಿಂದಿನ ಚಿಗುರು ಚೆನ್ನಾಗಿ ಬಲಿತು, ಕೆಲವು ತಿಂಗಳು ಸುಮ್ಮನಿರಬೇಕು. ಅಂಥ ಹೊತ್ತಲ್ಲಿ ಯೂರಿಯಾ ಹಾಕಿ ನೀರು ಬಿಟ್ರೆ ಮರ ತಾಮ್ರದ ಬಣ್ಣದ ಹೊಸ ಎಲೆ ಬಿಡುತ್ತೆ. ನೋಡೋಕೆ ಚೆಂದ, ಆದ್ರೆ ಆ ಕೊಂಬೆಯಲ್ಲಿ ಆ ವರ್ಷ ಹೂವು ಬರೋದು ಅನುಮಾನ.

ಹಾಗಾಗಿ ಗೊಬ್ಬರದ ಹೆಸರಿಗಿಂತ ಮೊದಲು ತಿಂಗಳು ನೋಡಿ. ಕೊಯ್ಲು ಮುಗಿದು, ಒಣಕೊಂಬೆ ಸವರಿ, ನೆಲ ಮಳೆಗೆ ಹದವಾದ ತಕ್ಷಣ ಅರ್ಧ ಗೊಬ್ಬರ. ಉಳಿದರ್ಧ ಅಕ್ಟೋಬರ್ ಒಳಗೆ, ಹಿಂಗಾರು ಮಳೆಯ ತೇವ ಇರುವಾಗ. ನನ್ನ ಕೇಳಿದ್ರೆ ಸಾರಜನಕದ ಹೆಚ್ಚು ಪಾಲು ಮೊದಲ ಕಂತಲ್ಲೇ ಹೋಗಲಿ. ಅಕ್ಟೋಬರ್ ದಾಟಿತಾ, ಯೂರಿಯಾ ಮರೆತುಬಿಡಿ.

ಇನ್ನು ಯಾವ ಗೊಬ್ಬರ ಅನ್ನೋದು. ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ಮರಕ್ಕೆ ಎರಡು ಕೆಜಿ ಡಿಎಪಿ ಅನ್ನೋದೇ ಲೆಕ್ಕ. ಒಂದಿನ ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದು ಕೂತೆ. ಹತ್ತು ವರ್ಷ ದಾಟಿದ ಮರಕ್ಕೆ ವರ್ಷಕ್ಕೆ ಶಿಫಾರಸು ಇರೋದು 730 ಗ್ರಾಂ ಸಾರಜನಕ, 180 ಗ್ರಾಂ ರಂಜಕ, 680 ಗ್ರಾಂ ಪೊಟ್ಯಾಷ್. ಎರಡು ಕೆಜಿ ಡಿಎಪಿಯಲ್ಲಿ ರಂಜಕವೇ 920 ಗ್ರಾಂ, ಅಂದ್ರೆ ಬೇಕಾದ್ದಕ್ಕಿಂತ ಐದು ಪಟ್ಟು. ಸಾರಜನಕ ಅರ್ಧಕ್ಕರ್ಧ. ಪೊಟ್ಯಾಷ್ ಸೊನ್ನೆ! ಹಣ್ಣಿನ ಗಾತ್ರ, ರುಚಿಗೆ ಬೇಕಾದ್ದನ್ನೇ ಕೊಡದೆ, ಬೇಡದ್ದಕ್ಕೆ ದುಡ್ಡು ಸುರಿದಿದ್ವಿ. ಚೀಲಕ್ಕೆ 1,350 ರೂಪಾಯಿ ಹಿಡಿದ್ರೂ ನೂರು ಮರಕ್ಕೆ 5,400 ರೂಪಾಯಿ ಆಯ್ತು. ಸಾಲದ್ದಕ್ಕೆ ರಂಜಕ ಅತಿಯಾದ್ರೆ ಬೇರು ಸತು ಹೀರೋದು ಕಡಿಮೆಯಾಗಿ ಎಲೆ ಚಿಕ್ಕದಾಗುತ್ತೆ. ಆಗ ಮತ್ತೆ ಸತುವಿನ ಸ್ಪ್ರೇಗೆ ಖರ್ಚು.

ಅದೇ ಶಿಫಾರಸನ್ನ ಬಿಡಿ ಗೊಬ್ಬರದಲ್ಲಿ ಕೊಟ್ರೆ ಯೂರಿಯಾ 1.6 ಕೆಜಿ, ಸೂಪರ್ ಫಾಸ್ಫೇಟ್ 1.1 ಕೆಜಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 1.1 ಕೆಜಿ. ಇದು ಎರಡೂ ಕಂತು ಸೇರಿ. ಚಿಕ್ಕ ಗಿಡಕ್ಕೆ ವಯಸ್ಸು ಒಂದು ವರ್ಷಕ್ಕೆ ಇದರ ಹತ್ತನೇ ಒಂದು ಭಾಗದಂತೆ ಏರಿಸ್ತಾ ಹೋಗಿ. 17-17-17 ಸುಲಭ, ನಿಜ. ಆದ್ರೆ ಅದರಲ್ಲಿ ಮೂರೂ ಸಮ, ಮಾವಿನ ಹಸಿವು ಸಮ ಅಲ್ಲ. ಬೋರ್‌ವೆಲ್ ನೀರು ಉಪ್ಪಾಗಿದ್ದು ಎಲೆ ತುದಿ ಸುಡ್ತಾ ಇದ್ರೆ ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ಆಫ್ ಪೊಟ್ಯಾಷ್ ತಗೊಳ್ಳಿ. ದುಬಾರಿ, ಆದ್ರೆ ಅದರಲ್ಲಿ ಕ್ಲೋರೈಡ್ ಕಾಟ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿದ್ರೆ ಈ ಲೆಕ್ಕ ಇನ್ನೂ ಇಳಿಯಬಹುದು. ವರ್ಷಾನುಗಟ್ಟಲೆ ಡಿಎಪಿ ಕಂಡ ತೋಟ ಆದ್ರೆ ರಂಜಕ ಒಂದೆರಡು ವರ್ಷ ಬೇಡವೇ ಬೇಡ ಅಂತ ಬಂದ್ರೂ ಆಶ್ಚರ್ಯ ಇಲ್ಲ.

ಕಾಂಡದ ಬುಡಕ್ಕೆ ಸುರಿಯೋದಂತೂ ಬಿಡಿ. ಗೊಬ್ಬರ ಹೀರೋ ಸಣ್ಣ ಬೇರು ಇರೋದು ಕಾಂಡದಿಂದ ದೂರ, ಕೊಂಬೆಗಳ ನೆರಳಿನ ಅಂಚಿನ ಕಡೆ. ಅಲ್ಲಿ ಸುತ್ತ ಗೇಣುದ್ದ ಆಳಕ್ಕೆ ತೆಗೆದು, ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ ಮಣ್ಣು ಮುಚ್ಚಿ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಗುತ್ತಿಗೆಯದ್ದು. ನಮ್ಮ ಕಡೆ ಎಷ್ಟೋ ತೋಟ ಹೂವಿಗೂ ಮುಂಚೆಯೇ ವ್ಯಾಪಾರಿ ಕೈಗೆ ಹೋಗುತ್ತೆ. ಗೊಬ್ಬರ ಮಾಲೀಕರ ಲೆಕ್ಕ ಅಂತ ಅವರು, ಅವರ ಲೆಕ್ಕ ಅಂತ ಮಾಲೀಕರು. ಕೊನೆಗೆ ಮರಕ್ಕೆ ಸಿಗೋದು ಬುಡಕ್ಕೆ ಸುರಿಯೋ ಪ್ಯಾಕ್ಲೋಬ್ಯುಟ್ರಜೋಲ್ ಮಾತ್ರ. ಅದು ಚಿಗುರು ತಡೆದು ಹೂವು ಬರಿಸೋ ಔಷಧ, ಗೊಬ್ಬರ ಅಲ್ಲ. ಹೊಟ್ಟೆಗೆ ಹಾಕದೆ ವರ್ಷವರ್ಷ ಹೂವು ಬಿಡಿಸಿದ್ರೆ ಮರ ಸೊರಗುತ್ತೆ. ಗುತ್ತಿಗೆ ಮುಗಿದ ಮೇಲೆ ಆ ಮರ ಉಳಿಯೋದು ನಿಮಗೆ.

2025ರಲ್ಲಿ ತೋತಾಪುರಿ ಬೆಲೆ ಬಿದ್ದ ಮೇಲೆ ಕೈಯಲ್ಲಿ ಕಾಸಿಲ್ಲ ಅಂದವರ ಮಾತೂ ನಿಜಾನೇ. ಅಂಥವರು ಮೊದಲು ಡಿಎಪಿ ಕೈಬಿಡಿ. ಪೊಟ್ಯಾಷ್, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಯೂರಿಯಾ ಉಳಿಸ್ಕೊಳ್ಳಿ. 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆ, ಒಂದು ಮರಕ್ಕೆ ಹತ್ತು ರೂಪಾಯಿಯೂ ಬೀಳಲ್ಲ.

ಗುತ್ತಿಗೆ ಕೊಡೋದೇ ಆದ್ರೆ ಕರಾರಿನಲ್ಲಿ ಎರಡು ಸಾಲು ಬರೆಸಿ: ಯಾವ ತಿಂಗಳು, ಮರಕ್ಕೆ ಎಷ್ಟು ಕೆಜಿ, ದುಡ್ಡು ಯಾರದ್ದು, ಹೂವಿನ ಔಷಧ ಹಾಕಬಹುದೋ ಬೇಡವೋ, ಹಾಕಿದ್ರೆ ಎಷ್ಟು. ಮುಂಗಡ ಕೈಗೆ ಬರೋ ಮುಂಚೆಯೇ ಬರೆಸ್ಕೊಳ್ಳಿ, ಬಂದ ಮೇಲೆ ಯಾರೂ ಬರೆಯಲ್ಲ.