ನಡುಕ ಎಷ್ಟು ಇಳಿಯಿತು? ಮಾತ್ರೆ ಹೆಚ್ಚಿಸುವ ಮೊದಲು ಅಳೆಯೋಣ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್. ಪಾರ್ಕಿನ್ಸನ್ ಕಾಯಿಲೆಯ ಹಿರಿಯರನ್ನು ಬಸ್ಸಿನಲ್ಲಿ ಕರೆತಂದು, ಚೀಟಿ ಮಾಡಿಸಿ, ಸಾಲಿನಲ್ಲಿ ಕೂರಿಸಿದ ಮೇಲೆ ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. “ನಡುಕ ಹೇಗಿದೆ?” ಎಂದರೆ ನಮ್ಮ ಉತ್ತರ “ಪರವಾಗಿಲ್ಲ” ಅಥವಾ “ಹಾಗೇ ಇದೆ”. ಮಾತ್ರೆ ಹೆಚ್ಚಿಸಬೇಕೋ ಬೇಡವೋ ಎಂಬುದು ಇಷ್ಟರ ಮೇಲೆ ತೀರ್ಮಾನ ಆಗಬಾರದು ಎಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಆ ಕೆಲವು ನಿಮಿಷ ಮೋಸ ಮಾಡಬಹುದು. ಈ ಕಾಯಿಲೆಯ ಮುಖ್ಯ ಔಷಧಿ ಲೆವೊಡೋಪಾ. ಕಾಯಿಲೆ ಹಳೆಯದಾದಂತೆ ಅದರ ಪರಿಣಾಮ ಕೆಲವೇ ಗಂಟೆಗೆ ಇಳಿಯುತ್ತದೆ. ಮಾತ್ರೆ ನುಂಗಿ ಒಂದು ಗಂಟೆಗೆ ನೋಡಿದ ಕೈ ಬೇರೆ, ಐದು ಗಂಟೆಗೆ ನೋಡಿದ ಕೈ ಬೇರೆ. ಮೇಲಾಗಿ ಗಾಬರಿಯಾದರೆ, ದಣಿದರೆ ನಡುಕ ಜಾಸ್ತಿಯಾಗುತ್ತದೆ. ಅದನ್ನೇ ನೋಡಿ ಮಾತ್ರೆ ಹೆಚ್ಚಾದರೆ ಕೈಕಾಲು ತಾನಾಗಿ ತಿರುಚಿಕೊಳ್ಳುವ ತೊಂದರೆ ಬರಬಹುದು.

ಅಳೆಯಲು ಯಂತ್ರ ಬೇಕಿಲ್ಲ. ನರರೋಗ ತಜ್ಞರು ಬಳಸುವ ಅಳತೆಯಲ್ಲಿ ಸುಮ್ಮನಿಟ್ಟ ಕೈಯ ನಡುಕಕ್ಕೆ 0ಯಿಂದ 4ರವರೆಗೆ ಅಂಕ. ನಡುಕ ಇಲ್ಲದಿದ್ದರೆ 0, ಒಂದು ಸೆಂಟಿಮೀಟರಿಗಿಂತ ಕಡಿಮೆ ಅಲುಗಿದರೆ 1, ಮೂರರೊಳಗೆ 2, ಹತ್ತರೊಳಗೆ 3, ಅದಕ್ಕೂ ಮೀರಿದರೆ 4.

ಮನೆಯಲ್ಲಿ ಮೊಬೈಲ್ ಇದೆಯಲ್ಲ. ಬೆಳಗಿನ ಮಾತ್ರೆಗೆ ಮೊದಲು ಒಂದು ನಿಮಿಷ, ನುಂಗಿ ಒಂದು ಗಂಟೆಗೆ ಒಂದು ನಿಮಿಷ, ಮುಂದಿನ ಮಾತ್ರೆಗೆ ಮೊದಲು ಒಂದು ನಿಮಿಷ ವಿಡಿಯೋ ಮಾಡಿ. ಕೈ ತೊಡೆಯ ಮೇಲೆ ಸಡಿಲವಾಗಿರಲಿ. ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ. ಗಮನ ಅತ್ತ ಹೋದಾಗ ಅಡಗಿದ ನಡುಕ ಹೊರಬರುತ್ತದೆ. ಕಾಫಿ ಲೋಟ ಹಿಡಿದ ಕೈಯನ್ನಷ್ಟೇ ನೋಡಬೇಡಿ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸಕ್ಕೆ ಹೊರಟಾಗ ಕಡಿಮೆ. ಮಾತ್ರೆಯ ಸಮಯ, ಊಟದ ಸಮಯ ಬರೆದಿಡಿ. ಬೇಳೆ, ಮೊಟ್ಟೆ, ಮಾಂಸದಂಥ ಪ್ರೋಟೀನ್ ಊಟದ ಜೊತೆ ಲೆವೊಡೋಪಾ ಸರಿಯಾಗಿ ಹಿಡಿಯದೇ ಹೋಗಬಹುದು.

ಇನ್ನೊಂದು ಮಾತು. ಕೆಲವರಿಗೆ ಮೈ ಬಿಗಿತ, ನಿಧಾನಗತಿ ಚೆನ್ನಾಗಿ ಇಳಿದರೂ ನಡುಕ ಅಷ್ಟಾಗಿ ಇಳಿಯದು. ಆದ್ದರಿಂದ ಗುಂಡಿ ಹಾಕಿಕೊಳ್ಳುವುದು, ಕುರ್ಚಿಯಿಂದ ಏಳುವುದು ಸುಲಭವಾಯಿತೇ ಎಂದೂ ಬರೆದಿಡಿ. ನಡುಕ ನಿಂತಿಲ್ಲವೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದಂತೂ ಬೇಡ. ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು.

ಮನೆಯವರು ಇಷ್ಟು ಮಾಡಿದರೆ ಆಸ್ಪತ್ರೆಗಳೂ ಒಂದು ಹೆಜ್ಜೆ ಇಡಬೇಕು. ಶಿವಮೊಗ್ಗದ ಮೆಗ್ಗಾನ್ ಇರಲಿ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆ ಇರಲಿ, ಖಾಸಗಿ ಕ್ಲಿನಿಕ್ ಇರಲಿ, ಚೀಟಿಯಲ್ಲಿ ಮಾತ್ರೆಯ ಹೆಸರಿನ ಪಕ್ಕ ಎರಡು ಸಂಗತಿ ಬರೆಯಲಿ: ಇಂದಿನ ನಡುಕದ ಅಂಕ ಮತ್ತು ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು. ಮುಂದಿನ ಸಲ ಬೇರೆ ಡಾಕ್ಟರು ಕೂತಿದ್ದರೂ ಹೋಲಿಸಿ ನೋಡಲು ಆಧಾರ ಇರುತ್ತದೆ. ಖರ್ಚು ಒಂದು ಸಾಲು ಶಾಯಿ, ಅಷ್ಟೇ.