ರಜೆಯ ಪಂಚಾಂಗದಲ್ಲಿ ಅವರೆ ಹೂಬಿಡದು

ಕಳೆದ ಸಂಕ್ರಾಂತಿಯ ಕೂಟಕ್ಕೆ ನಮ್ಮ ಸಂಘದವರು ಬೆಂಗಳೂರಿನಿಂದ ರೈಲಿನಲ್ಲಿ ಎರಡು ಮೂಟೆ ಅವರೆಕಾಯಿ ತರಿಸಿದ್ದರು. ಎರಡು ರಾತ್ರಿ ಗೋಣಿಯೊಳಗೆ ಬೆವರಿದ ಕಾಯಿಯಲ್ಲಿ ಮೂರರಲ್ಲೊಂದು ಪಾಲು ಕಪ್ಪಿಟ್ಟಿತ್ತು. ಆರಿಸಿ, ಬಿಡಿಸಿ, ಹಿತಕುವಷ್ಟರಲ್ಲಿ ಹೆಂಗಸರ ಕೈ ಸೋತಿತು. ಪಂಕ್ತಿಯಲ್ಲಿ ಕುಳಿತ ಹಿರಿಯರೊಬ್ಬರು ನಿಟ್ಟುಸಿರಿಟ್ಟು, "ಏನು ಮಾಡೋದು ಸ್ವಾಮಿ, ಈ ಮಣ್ಣಿನಲ್ಲಿ ನಮ್ಮದು ಯಾವುದೂ ಬೆಳೆಯೋದಿಲ್ಲ" ಎಂದರು. ಸುತ್ತಲಿದ್ದವರೆಲ್ಲ ತಲೆದೂಗಿದರು. ಆ ಪಂಕ್ತಿಯಿಂದ ನೂರು ಗಜದಾಚೆ ಸರ್ಕಾರಿ ವಸತಿಯೊಂದರ ಗೋಡೆಯ ಮೇಲೆ, ಚಳಿಗೆ ಎಲೆ ಬಾಡಿದ್ದರೂ, ಸೇಮ್ ಬಳ್ಳಿ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತ್ತು. ಸೇಮ್ ಎಂದರೆ ನಮ್ಮ ಚಪ್ಪರದವರೆ. ಹೊಲದ ಅವರೆಯ ಒಡಹುಟ್ಟು. ತಲೆದೂಗಿದ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಆ ಹಿರಿಯರ ಮೇಲೆ ನನಗೆ ಗೌರವವಿದೆ. ಅವರ ಮಾತಿನ ಮೇಲೆ ಇಲ್ಲ. ಇಪ್ಪತ್ತೆರಡು ವರ್ಷಗಳ ದೆಹಲಿ ವಾಸದಲ್ಲಿ ಈ ಮಾತನ್ನು ನಾನು ನೂರು ಬಾರಿ ಕೇಳಿದ್ದೇನೆ. ಮೊದಲ ಆರು ವರ್ಷ ನಾನೇ ಆಡಿದ್ದೇನೆ. ಅದು ಸುಳ್ಳು ಮಾತ್ರವಲ್ಲ, ಅನುಕೂಲದ ಸುಳ್ಳು. ನಮ್ಮ ಸೋಮಾರಿತನಕ್ಕೆ ಅದು ವಿರಹದ ಉಡುಪು ತೊಡಿಸುತ್ತದೆ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ದೆಹಲಿಗೆ ವರ್ಗವಾಗಿ ಬಂದ ಮೊದಲ ವರ್ಷ ಸಂಕ್ರಾಂತಿಯ ರಜೆಗೆ ಮಂಡ್ಯದ ಕಡೆಯ ನಮ್ಮೂರಿಗೆ ಹೋಗಿದ್ದೆ. ಹಿಂದಿರುಗುವಾಗ ಒಂದು ಪಾವು ಬಿತ್ತನೆ ಅವರೆ ತಂದು, ಫೆಬ್ರವರಿಯಲ್ಲಿ ಕ್ವಾರ್ಟರ್ಸಿನ ಹಿತ್ತಲಲ್ಲಿ ಊರಿದೆ. ಮೊಳಕೆ ಬಂತು, ಬಳ್ಳಿ ಹಬ್ಬಿತು. ಜೂನ್ ವೇಳೆಗೆ ಗೋಡೆ ಕಾಣದಷ್ಟು ಹಸಿರು. ಹೂ ಮಾತ್ರ ಇಲ್ಲ. ಜುಲೈ ಕಳೆಯಿತು, ಆಗಸ್ಟ್ ಬಂತು, ಒಂದು ಮೊಗ್ಗೂ ಇಲ್ಲ. ಸಿಟ್ಟು ಬಂದು ಬುಡಸಹಿತ ಕಿತ್ತೆಸೆದು, ಅಂದಿನ ಸಂಘದ ಸಭೆಯಲ್ಲಿ "ಈ ಮಣ್ಣಿನ ಗುಣವೇ ಹೀಗೆ" ಎಂದು ಭಾಷಣ ಮಾಡಿದೆ.

ಮಣ್ಣಿನ ಗುಣವಾಗಿರಲಿಲ್ಲ. ಪೂಸಾದಲ್ಲಿದ್ದ ಪರಿಚಿತ ವಿಜ್ಞಾನಿಯೊಬ್ಬರು ಮುಂದೆ ನನಗೆ ವಿವರಿಸಿದರು. ಅವರೆಯ ನಾಟಿ ತಳಿಗಳು ಹಗಲು ಗಿಡ್ಡವಾದ ಮೇಲಷ್ಟೇ ಹೂಬಿಡುವ ಜಾತಿ. ಜೂನ್ ತಿಂಗಳಲ್ಲಿ ಬೆಂಗಳೂರಿನ ಹಗಲು ಹದಿಮೂರು ಗಂಟೆಗಿಂತ ತುಸು ಕಡಿಮೆ. ದೆಹಲಿಯದು ಸುಮಾರು ಹದಿನಾಲ್ಕು. ಫೆಬ್ರವರಿಯಲ್ಲಿ ಬಿತ್ತಿದ ಬಳ್ಳಿ ದಿನದಿಂದ ದಿನಕ್ಕೆ ಹಿಗ್ಗುವ ಹಗಲನ್ನು ಕಂಡು ಸೊಪ್ಪನ್ನಷ್ಟೇ ಬೆಳೆಸುತ್ತ ಕಾದಿತ್ತು. ಶರದೃತು ಬರುವ ಮೊದಲೇ ನಾನು ಅದನ್ನು ಕಿತ್ತಿದ್ದೆ. ಹಗಲಿನ ಅಳತೆಗೆ ಕಾಯದೆ ಹೂಬಿಡುವ ಹೆಬ್ಬಾಳದ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಕೊಟ್ಟಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ನನ್ನ ತಾಯಿಗೆ ಈ ವಿಜ್ಞಾನ ಬೇಕಾಗಲಿಲ್ಲ. ಮರುವರ್ಷ ನಮ್ಮೊಡನೆ ಇರಲು ಬಂದವರು ಕಥೆ ಕೇಳಿ ನಕ್ಕುಬಿಟ್ಟರು: "ಆಷಾಢದಲ್ಲಿ ಹಾಕೋ ಅವರೆಯ ಮಾಘದಲ್ಲಿ ಹಾಕ್ದೆ ಅಂತ ಊರೋರ ಮುಂದೆ ಹೇಳಬ್ಯಾಡ ಕಣ್ ಮಗ, ಮಾನ ಹೋದಾತು." ನಿಜ. ನಮ್ಮೂರಿನಲ್ಲಿ ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಬೀಳುವುದು ಮುಂಗಾರಿನ ನಡುವೆ. ನಾನು ದೆಹಲಿಯ ಪಂಚಾಂಗವನ್ನೂ ಪಾಲಿಸಿರಲಿಲ್ಲ, ಮಂಡ್ಯದ ಪಂಚಾಂಗವನ್ನೂ ಪಾಲಿಸಿರಲಿಲ್ಲ. ನಾನು ಪಾಲಿಸಿದ್ದು ನನ್ನ ರಜೆಯ ಪಂಚಾಂಗವನ್ನು. ಹಿಂದಿಯ ಒಂದಕ್ಷರವೂ ಬಾರದ ಅವರು ಪಕ್ಕದ ಮನೆಯ ಹರಿಯಾಣದ ಹೆಂಗಸು ಯಾವ ವಾರ ಏನು ಬಿತ್ತುತ್ತಾಳೆಂದು ಗೋಡೆಯಾಚೆಗೆ ನೋಡಿ ನೋಡಿ ಕಲಿತರು. ಜುಲೈ ತಿಂಗಳಲ್ಲಿ ಅವರು ಊರಿದ ಅವರೆ ನವೆಂಬರಿನಲ್ಲಿ ಕಾಯಿ ಕೊಟ್ಟಿತು. ನಮ್ಮೂರ ಇಬ್ಬನಿಯಲ್ಲಿ ನೆನೆದ ಸೊಗಡು ಅದರಲ್ಲಿ ಪೂರ್ತಿಯಾಗಿ ಇತ್ತೆಂದು ನಾನು ಹೇಳಲಾರೆ. ಆದರೆ ಎರಡು ರಾತ್ರಿ ಮೂಟೆಯಲ್ಲಿ ಕೊಳೆತ ಕಾಯಿಗಿಂತ ಹತ್ತು ಪಾಲು ಹೆಚ್ಚಿತ್ತು.

ಹೊರನಾಡಿನ ಕನ್ನಡಿಗ ಮಾಡುವ ಮೂಲಭೂತ ತಪ್ಪು ಇದು. ಹಳೆಯ ಮೈಸೂರಿನ ಹವೆ ತಪ್ಪನ್ನು ಕ್ಷಮಿಸುವ ಹವೆ. ಕೊತ್ತಂಬರಿಯನ್ನು ಅಲ್ಲಿ ಯಾವ ತಿಂಗಳು ಎರಚಿದರೂ ಒಂದಷ್ಟು ಎಲೆ ಕೈಗೆ ಬರುತ್ತದೆ. ದೆಹಲಿ ಹಾಗಲ್ಲ. ಜನವರಿಯಲ್ಲಿ ನಾಲ್ಕೈದು ಡಿಗ್ರಿಗೆ ಇಳಿಯುವ, ಮೇ ತಿಂಗಳಲ್ಲಿ ನಲವತ್ತೈದರ ಹತ್ತಿರಕ್ಕೆ ಏರುವ ಊರು ಇದು. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಯನ್ನು ಹೊಕ್ಕಾಗ ನಮ್ಮ ಕಡೆಯ ರೈತ ಮಳೆ ನೋಡಿ ನೇಗಿಲು ಹೂಡುತ್ತಾನೆ. ಅದೇ ರೋಹಿಣಿಯ ಮೊದಲ ಒಂಬತ್ತು ದಿನಗಳನ್ನು ಇಲ್ಲಿಯವರು ನೌತಪಾ ಎನ್ನುತ್ತಾರೆ, ವರ್ಷದ ಅತ್ಯುಗ್ರ ಬಿಸಿಲಿನ ದಿನಗಳು. ನಕ್ಷತ್ರ ಒಂದೇ, ನೆಲದ ಮೇಲೆ ಅದರ ಅರ್ಥ ಎರಡು. ಇಲ್ಲಿಗೆ ಮುಂಗಾರು ಮುಟ್ಟುವುದು ಜೂನ್ ಕೊನೆಗೆ.

ಆದರೂ ನಮ್ಮವರು ಯುಗಾದಿಗೆ ಹಿತ್ತಲು ಅಗೆಸಿ ಕೊತ್ತಂಬರಿ, ಮೆಂತ್ಯ, ಪಾಲಕ್ ಎರಚುತ್ತಾರೆ. ಬೇಸಿಗೆಯ ಉದ್ದ ಹಗಲಿಗೆ ಪಾಲಕ್ ಮೊಣಕಾಲೆತ್ತರಕ್ಕೂ ಬರದೆ ಹೂದಂಟು ಎತ್ತುತ್ತದೆ, ಕೊತ್ತಂಬರಿಯೂ ಅಷ್ಟೆ. ಉಳಿದುದನ್ನು ಲೂ ಗಾಳಿ ಸುಡುತ್ತದೆ. ಮತ್ತೆ ಬೈಗುಳ ಮಣ್ಣಿಗೆ.

ದೆಹಲಿಯ ಕೈತೋಟಕ್ಕೆ ಯುಗಾದಿ ಬರುವುದು ನವರಾತ್ರಿಯಲ್ಲಿ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಇಲ್ಲಿಯ ಮನೆಗಳಲ್ಲಿ ಮಣ್ಣಿನ ಪಾತ್ರೆಯಲ್ಲಿ ಜವೆ ಬಿತ್ತುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮನೆಗಳ ಘಟಸ್ಥಾಪನೆಯೂ ಇದೇ. ಆ ವಾರವೇ ಸೊಪ್ಪಿನ ಮಡಿಗಳಿಗೆ ಶುಭಾರಂಭ. ನೆಲವನ್ನು ಒಂದಡಿ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ಮಡಿ ಮಾಡಬೇಕು. ಮೆಂತ್ಯ, ಪಾಲಕ್, ಮೂಲಂಗಿ, ಮತ್ತು ಕೈಯಿಂದ ಉಜ್ಜಿ ಎರಡು ಹೋಳಾಗಿಸಿದ ಕೊತ್ತಂಬರಿ ಬೀಜವನ್ನು ಸೆಪ್ಟೆಂಬರ್ ನಡುವಿನಿಂದ ನವೆಂಬರ್‌ವರೆಗೆ ಹದಿನೈದು ದಿನಕ್ಕೊಂದು ಸಾಲಿನಂತೆ ಬಿತ್ತಿದರೆ ಚಳಿಗಾಲ ಪೂರ್ತಿ ಸೊಪ್ಪಿಗೆ ಬರವಿಲ್ಲ. ಒಂದೇ ದಿನ ಎಲ್ಲವನ್ನೂ ಬಿತ್ತುವವನು ಒಂದು ವಾರ ಹಂಚಿ, ಮೂರು ತಿಂಗಳು ಕೊಂಡು ತಿನ್ನುತ್ತಾನೆ. ಬಟಾಣಿಗೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಕಾಲ. ತಡದ ಹೂಕೋಸಿನ ಬೀಜ ಸೆಪ್ಟೆಂಬರಿನಲ್ಲಿ ಸಸಿಮಡಿಗೆ. ನಾಲ್ಕೈದು ವಾರದ ಸಸಿಯನ್ನು ಒಂದೂವರೆ ಅಡಿ ಅಂತರದಲ್ಲಿ ಸಂಜೆಯ ಹೊತ್ತು ನಾಟಿ ಮಾಡಬೇಕು.

ಎರಡನೆಯ ಬಾಗಿಲು ತೆರೆಯುವುದು ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ: ಬೆಂಡೆ, ಸೋರೆ, ಹೀರೆ, ಹಾಗಲ, ಸೌತೆ. ಮಾರ್ಚ್ ದಾಟಿದರೆ ಬಳ್ಳಿ ಹಬ್ಬುವ ಮೊದಲೇ ಬಿಸಿಲು ಹಬ್ಬುತ್ತದೆ. ಜಾಣರು ಜನವರಿಯಲ್ಲೇ ಸೋರೆ, ಹೀರೆಯ ಬೀಜಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಊರಿ, ಚಳಿ ತಾಗದಂತೆ ಇಟ್ಟು, ಫೆಬ್ರವರಿ ಕೊನೆಗೆ ನೆಲಕ್ಕಿಳಿಸುತ್ತಾರೆ. ಮೂರನೆಯದು ಜೂನ್ ಕೊನೆ ಮತ್ತು ಜುಲೈ: ಮತ್ತೆ ಬೆಂಡೆ, ಜೊತೆಗೆ ಗೋರಿಕಾಯಿ, ಅಲಸಂದೆ, ಬದನೆಯ ಸಸಿ, ಮತ್ತು ನಮ್ಮ ಅವರೆ. ಮಳೆಗಾಲದ ಬೆಂಡೆಗೆ ಹಳದಿ ನರದ ನಂಜುರೋಗದ ಕಾಟ. ಅದನ್ನು ತಡೆಯಬಲ್ಲ ಅರ್ಕಾ ಅನಾಮಿಕಾ ತಳಿ ಹುಟ್ಟಿದ್ದು ಎಲ್ಲಿ? ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ. ನಮ್ಮದು ಇಲ್ಲಿ ಬೆಳೆಯದು ಎನ್ನುವವರು ಉತ್ತರ ಹೇಳಲಿ.

ಇನ್ನೊಂದು ವಿಷಯವನ್ನು ತುಸು ಕಟುವಾಗಿಯೇ ಹೇಳಬೇಕಾಗಿದೆ. ನಮ್ಮ ಅರ್ಧ ತರಕಾರಿಗಳು ಇಲ್ಲಿ ಇಲ್ಲವೆನ್ನಿಸುವುದು ನಾವು ಅವುಗಳ ಹೆಸರು ಕೇಳಿ ತಿಳಿಯದ ಕಾರಣ. ಗೋರಿಕಾಯಿ ಇಲ್ಲಿ ಗ್ವಾರ್. ಅದು ಹೇರಳವಾಗಿ ಬೆಳೆಯುವುದೇ ರಾಜಸ್ಥಾನ, ಹರಿಯಾಣಗಳಲ್ಲಿ. ದಂಟು ಇಲ್ಲಿ ಚೌಲಾಯಿ, ಬಸಳೆ ಪೋಯಿ, ಅಲಸಂದೆ ಲೋಬಿಯಾ, ನುಗ್ಗೆ ಸಹಜನ್. ಚಳಿಗಾಲದಲ್ಲಿ ಹಿತ್ತಲ ಮಡಿಗಳ ನಡುವೆ ಕರೆಯದೆ ಬರುವ ಬಥುವಾ ಎಂಬ ಕಳೆಯನ್ನು ನಮ್ಮವರು ಮಾಲಿಗೆ ಹೇಳಿ ಕೀಳಿಸಿ ಬೀದಿಗೆ ಎಸೆಸುತ್ತಾರೆ. ಅದು ನಮ್ಮ ಚಕ್ರವರ್ತಿ ಸೊಪ್ಪು. ಎಸೆದು, ಒಳಗೆ ಬಂದು, ಬೆಂಗಳೂರಿನ ತಂಗಿಗೆ ಫೋನು ಮಾಡಿ, ಚಕ್ರವರ್ತಿ ಸೊಪ್ಪಿನ ಮಸ್ಸೊಪ್ಪು ತಿಂದು ಎಷ್ಟು ವರ್ಷವಾಯಿತೋ ಎಂದು ಕಣ್ಣೀರಿಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ? ತೆಂಗು, ಅಡಿಕೆ ಇಲ್ಲಿ ಬಾರವು, ಒಪ್ಪುತ್ತೇನೆ. ಆ ಎರಡು ಮರಗಳ ನೆರಳಿನಲ್ಲಿ ಇಡೀ ಹಿತ್ತಲನ್ನು ಬಚ್ಚಿಡುವುದನ್ನು ಮಾತ್ರ ಒಪ್ಪಲಾರೆ.

ಆಕ್ಷೇಪಗಳು ನನಗೆ ಗೊತ್ತು. ಜಾಗವಿಲ್ಲ ಎನ್ನುತ್ತೀರಿ. ಬಹುಮಹಡಿಯಲ್ಲಿರುವವರಿಗೆ ದಕ್ಷಿಣದ ಬಾಲ್ಕನಿ ಇದ್ದರೆ ಚಳಿಗಾಲದ ತಗ್ಗು ಸೂರ್ಯ ಒಳಗಿನವರೆಗೂ ಬರುತ್ತಾನೆ. ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಹಿಡಿ ಮರಳು ಬೆರೆಸಿದ ಹತ್ತು ಕುಂಡಗಳಲ್ಲಿ ಒಂದು ಮನೆಯ ಸೊಪ್ಪು ಬೆಳೆಯುತ್ತದೆ. ಜಾಗವಿರುವವರು ಏನು ಮಾಡಿದ್ದೀರಿ? ಹುಲ್ಲುಹಾಸು ಬೆಳೆಸಿದ್ದೀರಿ. ಸಾಹೇಬನ ಅಂತಸ್ತಿಗಾಗಿ ಮೇ ತಿಂಗಳಲ್ಲಿ ಹುಲ್ಲಿಗೆ ನೀರು ಸುರಿಯುವ ಅಧಿಕಾರಿ ಮಿತ್ರರು 1965ನ್ನು ನೆನೆಯಬೇಕು. ಆ ವರ್ಷ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತಮ್ಮ ನಿವಾಸದ ಹುಲ್ಲುಹಾಸನ್ನೇ ಉಳಿಸಿ ಬೆಳೆ ಬಿತ್ತಿಸಿದರು. ಇರುವ ಜಾಗವೂ ಶಾಶ್ವತವಲ್ಲ. ಸರೋಜಿನಿ ನಗರ, ನೇತಾಜಿ ನಗರ ಮೊದಲಾದ ಏಳು ಸರ್ಕಾರಿ ಕಾಲೊನಿಗಳ ಪುನರ್ನಿರ್ಮಾಣಕ್ಕೆ 2016ರಲ್ಲಿ ಒಪ್ಪಿಗೆ ದೊರೆತ ಮೇಲೆ ಹಿತ್ತಲಿದ್ದ ಹಳೆಯ ಮನೆಗಳು ಗೋಪುರಗಳಿಗೆ ಎಡೆಗೊಡುತ್ತಿವೆ. ಅದರ ಸರಿತಪ್ಪು ವಿಚಾರಿಸುವುದು ಸೇವೆಯಲ್ಲಿರುವ ನನ್ನ ಕೆಲಸವಲ್ಲ. ನೆಲ ಇರುವವರೆಗೆ ಅದನ್ನು ಬಂಜರು ಬಿಡದಿರುವುದು ನನ್ನ ಕೆಲಸ.

ವರ್ಗವಾಗಿ ಹೋಗುವವರಿಗೆ ತೋಟವೇಕೆ ಎನ್ನುತ್ತೀರಿ. ಮೆಂತ್ಯಕ್ಕೆ ನಾಲ್ಕು ವಾರ ಸಾಕು, ಮೂಲಂಗಿಗೆ ಆರೇಳು ವಾರ. ಯಾವ ವರ್ಗಾವಣೆಯ ಆದೇಶವೂ ಇಷ್ಟು ವೇಗವಾಗಿ ಬಂದುದನ್ನು ನಾನು ಕಂಡಿಲ್ಲ. ಪೂಸಾ ಎಂಬ ಹೆಸರನ್ನೇ ನೋಡಿ. ಅದು ಬಿಹಾರದ ಒಂದು ಊರು. 1905ರಲ್ಲಿ ಅಲ್ಲಿ ಸ್ಥಾಪನೆಯಾದ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪಕ್ಕೆ ಸಿಕ್ಕಿ, 1936ರಲ್ಲಿ ದೆಹಲಿಗೆ ವಲಸೆ ಬಂತು. ಹೆಸರನ್ನು ಕಳೆದುಕೊಳ್ಳಲಿಲ್ಲ; ಬಿಹಾರದ ಮಣ್ಣೇ ಬೇಕೆಂದು ಹಟ ಹಿಡಿಯಲೂ ಇಲ್ಲ. ಈ ನೆಲವನ್ನು ಓದಿ, ಈ ನೆಲಕ್ಕೆ ಒಗ್ಗುವ ಬೀಜ ಮಾಡಿ, ಅದಕ್ಕೆ ತನ್ನ ತವರಿನ ಹೆಸರಿಟ್ಟಿತು. ಹೊರನಾಡ ಕನ್ನಡಿಗನಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣದು.

ಏಕೆಂದರೆ ಇದು ಕೇವಲ ತರಕಾರಿಯ ಮಾತಲ್ಲ. ನಮ್ಮ ಸಂಘದ ಕನ್ನಡ ತರಗತಿಗಳನ್ನು ನಡೆಸುವುದು ಮೇ ತಿಂಗಳಲ್ಲಿ. ಆಗ ಮಕ್ಕಳೆಲ್ಲ ಊರಿಗೆ ಹೋಗಿರುತ್ತಾರೆ. ಬಂದ ಐವರಿಗೆ ಪಾಠ ಹೇಳಿ, ಈ ಮಣ್ಣಿನಲ್ಲಿ ಕನ್ನಡ ಬೆಳೆಯೋಲ್ಲ ಎಂದು ವರದಿ ಬರೆಯುತ್ತೇವೆ. ಇಲ್ಲಿಯೂ ಪಾಲಿಸುವುದು ರಜೆಯ ಪಂಚಾಂಗವನ್ನೇ. ವರ್ಷವಿಡೀ ಹದಿನೈದು ದಿನಕ್ಕೊಮ್ಮೆ ಒಂದು ಸಾಲು ಬಿತ್ತುವ ತಾಳ್ಮೆ ನಮಗಿಲ್ಲ.

ನನ್ನ ಸಲಹೆ ಸರಳ. ಮುಂದಿನ ಸಂಕ್ರಾಂತಿಗೆ ಮೂಟೆ ತರಿಸುವುದು ಬೇಡ. ಈ ಪತ್ರಿಕೆ ಪ್ರತಿ ವರ್ಷವೂ ಒಂದು ಬಿತ್ತನೆಯ ಪಟ್ಟಿ ಅಚ್ಚುಮಾಡಲಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನ ಓದುಗರು ತಮ್ಮ ತಮ್ಮ ಊರಿನದನ್ನು ಅಲ್ಲಿಯ ನೆರೆಯವರನ್ನು ಕೇಳಿ ಬರೆದು ಕಳಿಸಲಿ. ದೆಹಲಿಯ ಪಟ್ಟಿ ಅವರ ಕೆಲಸಕ್ಕೆ ಬಾರದು.

ನನಗೆ ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಈ ಹಿತ್ತಲು ಬೇರೆಯವರ ಪಾಲಾಗುತ್ತದೆ. ತಾಯಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಉಳಿಸಿದ ಬೀಜವನ್ನು ಪ್ರತಿ ಆಷಾಢ ಊರಿ, ಪ್ರತಿ ಮಾಘದಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದೇನೆ. ಬರುವ ಜುಲೈ ತಿಂಗಳ ಮೊದಲ ಭಾನುವಾರ ಆ ಡಬ್ಬಿಯನ್ನು ಸಂಘಕ್ಕೆ ತರುತ್ತೇನೆ. ಬೇಕಾದವರು ಒಂದೊಂದು ಹಿಡಿ ಒಯ್ಯಬಹುದು. ಆ ಹಿರಿಯರು ಮೊದಲು ಬರಲೆಂದು ನನ್ನ ಪ್ರಾರ್ಥನೆ.