ಮಾಲೀಕರೇ, ಆತುರ ನಿಮ್ಮದು, ಪೆಟ್ಟು ಹುಡುಗನದು

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗಿನ ತಂಡಗಳ ಮಾಲೀಕರಿಗೆ,



ಪ್ರತಿವರ್ಷ ಏಪ್ರಿಲ್ ಕೊನೆಗೆ ನಿಮ್ಮ ಡ್ರಾಫ್ಟ್, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯುತ್ತದೆ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ. ಹೆಚ್ಚಿನ ವರ್ಷಗಳಲ್ಲಿ ಆ ತಂಡ ಆರಿಸಿಕೊಳ್ಳುವುದು ಕಾಲೇಜಿನಿಂದ ಆಗಷ್ಟೇ ಬಂದ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು. ಅವನು ವೇದಿಕೆಯಿಂದ ಇಳಿಯುವಷ್ಟರಲ್ಲಿ ಅವನ ಹೆಸರಿನ ಜೆರ್ಸಿ ಮಾರಾಟಕ್ಕೆ ಬಂದಿರುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ. ಅಂದಿನಿಂದ ಸೆಪ್ಟೆಂಬರ್ ತನಕ ಟೀವಿಯಲ್ಲಿ ಒಂದೇ ವಾದ: ಹುಡುಗನನ್ನು ಮೊದಲ ಪಂದ್ಯಕ್ಕೇ ಇಳಿಸಬೇಕೋ, ಒಂದೆರಡು ವರ್ಷ ಹಳಬನ ಹಿಂದೆ ನಿಲ್ಲಿಸಿ ಕಲಿಸಬೇಕೋ? ವಾದ ಮಾಡುವವರು ಹುಡುಗನ ತೋಳು ಅಳೆಯುತ್ತಾರೆ, ಎತ್ತರ ಅಳೆಯುತ್ತಾರೆ, ಎದೆಗಾರಿಕೆ ಅಳೆಯುತ್ತಾರೆ. ನಿಮ್ಮ ತಾಳ್ಮೆಯನ್ನು ಯಾರೂ ಅಳೆಯುವುದಿಲ್ಲ. ಈ ಪತ್ರ ಅದರ ಬಗ್ಗೆ.

ನಿಮಗೇಕೆ ಕನ್ನಡದಲ್ಲಿ ಪತ್ರ ಎಂದರೆ, ಟಿಕೆಟ್ ಕೊಳ್ಳುವವರಲ್ಲಿ ನಾವೂ ಇದ್ದೇವೆ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕ್ರೀಡಾಂಗಣ ಇರುವುದು ಸಾಂತಾ ಕ್ಲಾರಾದಲ್ಲಿ, ಸಿಲಿಕಾನ್ ಕಣಿವೆಯ ನಟ್ಟನಡುವೆ. ಸುತ್ತಮುತ್ತ ಕನ್ನಡ ಮಾತನಾಡುವ ಮನೆಗಳಿಗೆ ಬರವಿಲ್ಲ. ಇನ್ನು ಊರಿನಲ್ಲಿ ಕೂತು ಇದನ್ನು ಓದುತ್ತಿರುವ, ಈ ಆಟ ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ತನ್ನ ತಂಡದ ದಾಳಿಯಲ್ಲಿ ಚೆಂಡನ್ನು ಕೈಗೆ ತೆಗೆದುಕೊಂಡು, ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಆ ತೀರ್ಮಾನಕ್ಕೆ ಸಿಗುವುದು ಹೆಚ್ಚೆಂದರೆ ಮೂರು ಸೆಕೆಂಡ್. ಅಷ್ಟು ಹೊತ್ತು ಎದುರಾಳಿಗಳು ಅವನ ಮೈಮೇಲೆ ಬೀಳದಂತೆ ತಡೆಯಲು ಮುಂದೆ ಐವರು ದೈತ್ಯರ ಸಾಲೊಂದು ನಿಂತಿರುತ್ತದೆ. ಅದೇ ಲೈನ್. ಲೈನ್ ಮುರಿದರೆ ಚೆಂಡಿನ ಸಮೇತ ಅವನನ್ನು ಕೆಡವುತ್ತಾರೆ, ಅದು ಸ್ಯಾಕ್. ಗಾಬರಿಯಲ್ಲಿ ಎಸೆದದ್ದು ಎದುರಾಳಿಯ ಕೈ ಸೇರಿದರೆ ಇಂಟರ್‌ಸೆಪ್ಷನ್. ಎಸೆದ ಚೆಂಡಿನೊಂದಿಗೆ ತನ್ನವನೊಬ್ಬ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್.

2002ರಲ್ಲಿ ಹ್ಯೂಸ್ಟನ್‌ನಲ್ಲಿ ಟೆಕ್ಸನ್ಸ್ ಎಂಬ ಹೊಸ ತಂಡ ಕಣಕ್ಕಿಳಿಯಿತು. ಡ್ರಾಫ್ಟಿನ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಬಂದ. ಅವನ ಎಡಬದಿ ಕಾಯಲೆಂದು ಬೇರೆ ತಂಡದಿಂದ ತಂದಿದ್ದ ಟೋನಿ ಬೊಸೆಲ್ಲಿ, ಭುಜದ ಗಾಯದಿಂದಾಗಿ ಟೆಕ್ಸನ್ಸ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಕಾವಲುಗಾರ ಬರಲಿಲ್ಲವೆಂದು ಹುಡುಗನನ್ನು ಒಳಗಿಟ್ಟುಕೊಂಡರೇ? ಇಲ್ಲ. ಹದಿನಾರೂ ಪಂದ್ಯ ಆಡಿಸಿದರು. ಅವನು 76 ಬಾರಿ ನೆಲಕ್ಕುರುಳಿದ. ಒಂದೇ ಋತುವಿನಲ್ಲಿ ಅಷ್ಟು ಸ್ಯಾಕ್ ತಿಂದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ನಿಮ್ಮ ಲೀಗಿನ ಚರಿತ್ರೆಯಲ್ಲೇ ಇಲ್ಲ. ಐದು ವರ್ಷ ಮುಗಿಯುವಾಗ ಆ ಲೆಕ್ಕ 249ಕ್ಕೆ ಬಂದು ನಿಂತಿತ್ತು. ಆಮೇಲೆ ತಂಡ ಅವನನ್ನು ಕೈಬಿಟ್ಟಿತು. ಮೈದಾನದಲ್ಲೇ ಕಲಿಯಲಿ ಎನ್ನುವವರನ್ನು ಕೇಳುತ್ತೇನೆ, ಕಾರ್ ಕಲಿತದ್ದೇನು? ಮೂರು ಸೆಕೆಂಡ್ ಸಿಕ್ಕಾಗಲೂ ಎರಡೇ ಇದೆಯೆಂದು ನಂಬುವುದನ್ನು ಕಲಿತ.

ನನ್ನ ದೂರಿನ ತಿರುಳು ಮಾತ್ರ 2005ರ ಡ್ರಾಫ್ಟಿನಲ್ಲಿದೆ. ಆ ವರ್ಷ ಫಾರ್ಟಿನೈನರ್ಸ್ ಮೊದಲ ಆಯ್ಕೆಯಾಗಿ ಅಲೆಕ್ಸ್ ಸ್ಮಿತ್‌ನನ್ನು ಕರೆದುಕೊಂಡಿತು. ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲೇ ಕಾಲೇಜು ಫುಟ್‌ಬಾಲ್ ಆಡಿದ್ದ ಆರನ್ ರಾಜರ್ಸ್, ತನ್ನ ಹೆಸರು ಕೂಗುವುದನ್ನು ಕಾಯುತ್ತಾ ಕೂತು ಕೂತು, 24ನೆಯವನಾಗಿ ಗ್ರೀನ್ ಬೇ ಪ್ಯಾಕರ್ಸ್ ಸೇರಿದ. ಸ್ಮಿತ್‌ಗೆ 21 ವರ್ಷ. ಅಕ್ಟೋಬರಿನಲ್ಲೇ ಅವನನ್ನು ಮೈದಾನಕ್ಕೆ ತಳ್ಳಿದರು. ಮೊದಲ ಬಾರಿ ಆಟ ಆರಂಭಿಸಿದ ಪಂದ್ಯದಲ್ಲೇ ನಾಲ್ಕು ಇಂಟರ್‌ಸೆಪ್ಷನ್. ಋತು ಮುಗಿಯುವಾಗ ಅವನ ಖಾತೆಯಲ್ಲಿ ಹನ್ನೊಂದು ಇಂಟರ್‌ಸೆಪ್ಷನ್, ಒಂದೇ ಒಂದು ಟಚ್‌ಡೌನ್ ಎಸೆತ. ಆಮೇಲೆ ಶುರುವಾಯಿತು ನೋಡಿ ಮೇಷ್ಟ್ರುಗಳ ಮೆರವಣಿಗೆ. 2005ರಲ್ಲಿ ಮೈಕ್ ಮೆಕಾರ್ಥಿ, 2006ರಲ್ಲಿ ನಾರ್ವ್ ಟರ್ನರ್, 2007ರಲ್ಲಿ ಜಿಮ್ ಹಾಸ್ಟ್ಲರ್, 2008ರಲ್ಲಿ ಮೈಕ್ ಮಾರ್ಟ್ಸ್, 2009ರಲ್ಲಿ ಜಿಮ್ಮಿ ರೇ. ದಾಳಿಯ ಹೊಣೆ ಹೊತ್ತ ಕೋಚ್ ವರ್ಷಕ್ಕೊಬ್ಬರು. ಪ್ರತಿಯೊಬ್ಬರದೂ ಬೇರೆ ಪುಸ್ತಕ, ಬೇರೆ ಸಂಕೇತ, ಬೇರೆ ಹೆಜ್ಜೆ. ಹುಡುಗ ಪ್ರತಿವರ್ಷ ಒಂದನೇ ತರಗತಿಗೇ ಸೇರುತ್ತಿದ್ದ, ಮೇಲಿನ ತರಗತಿಯ ಪರೀಕ್ಷೆ ಬರೆಯುತ್ತಿದ್ದ.

ಅತ್ತ ರಾಜರ್ಸ್ ಮೂರು ವರ್ಷ ತಂಡದ ಹಳಬ ಬ್ರೆಟ್ ಫಾವ್ರ್ ಹಿಂದೆ ನಿಂತ. ಫಾವ್ರ್ ಅವನನ್ನು ಕೂರಿಸಿಕೊಂಡು ಪಾಠ ಹೇಳಿದ ಎಂದೇನೂ ನಾನು ಹೇಳುತ್ತಿಲ್ಲ. ಹಳಬರಿಗೆ ತಮ್ಮ ಕುರ್ಚಿಯ ಚಿಂತೆ, ಅದು ಸಹಜ. ಆದರೆ ಆ ಮೂರು ವರ್ಷ ಅವನು ಏಟು ತಿನ್ನದೆ ಅಭ್ಯಾಸ ಮಾಡಿದ, ಎಸೆಯುವ ಶೈಲಿಯನ್ನೇ ತಿದ್ದಿಕೊಂಡ. 2008ರಲ್ಲಿ ಸರದಿ ಬಂತು. 2011ರ ಫೆಬ್ರವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ.

ಗ್ರೀನ್ ಬೇಯಲ್ಲಿ ಅವನನ್ನು ರೂಪಿಸಿದ ಮುಖ್ಯ ಕೋಚ್ ಯಾರು ಗೊತ್ತೇ? ಅದೇ ಮೈಕ್ ಮೆಕಾರ್ಥಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಮಿತ್‌ನ ಜೊತೆ ಒಂದು ವರ್ಷ ಕಳೆದು, 2006ರಲ್ಲಿ ಪ್ಯಾಕರ್ಸ್ ಸೇರಿದವರು. ಅದೇ ಡ್ರಾಫ್ಟ್, ಅದೇ ಕೋಚ್, ಇಬ್ಬರು ಹುಡುಗರು. ಒಬ್ಬನಿಗೆ ಸಮಯ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಸ್ಮಿತ್‌ನಲ್ಲಿ ರಾಜರ್ಸ್‌ಗೆ ಸಮನಾದ ಕಸುವಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ ಎಂದೇ ಇಟ್ಟುಕೊಳ್ಳಿ. ಆದರೆ 2011ರಲ್ಲಿ ಜಿಮ್ ಹಾರ್ಬಾ ಮುಖ್ಯ ಕೋಚ್ ಆಗಿ ಬಂದು ತಂಡಕ್ಕೊಂದು ಶಿಸ್ತು ತಂದಾಗ, ಕೈಲಾಗದವನೆಂದು ಎಲ್ಲರೂ ಬರೆದುಹಾಕಿದ್ದ ಅದೇ ಸ್ಮಿತ್ ಹದಿಮೂರು ಪಂದ್ಯ ಗೆಲ್ಲಿಸಿದ. ಆ ಆರು ವರ್ಷ ಎಲ್ಲಿ ಹೋದವು, ಯಾರ ಲೆಕ್ಕಕ್ಕೆ ಬರೆಯೋಣ?

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಮಿತ್ ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ ಹೋದ. 2017ರಲ್ಲಿ ಆ ತಂಡ ಹತ್ತನೇ ಆಯ್ಕೆಯಾಗಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ತಂದಿತು. ಕೋಚ್ ಆಂಡಿ ರೀಡ್ ಅವಸರಪಡಲಿಲ್ಲ. ಮಹೋಮ್ಸ್ ಇಡೀ ವರ್ಷ ಸ್ಮಿತ್ ಹಿಂದಿದ್ದು, ಕೊನೆಯ ಒಂದು ಪಂದ್ಯವಷ್ಟೇ ಆಡಿದ. ತನ್ನ ಜಾಗಕ್ಕೇ ಬಂದವನಿಗೆ ಸ್ಮಿತ್ ಏನನ್ನೂ ಮುಚ್ಚಿಡಲಿಲ್ಲ. ವಾರದ ತಯಾರಿ ಹೇಗಿರಬೇಕು, ಎದುರಾಳಿಯ ರಕ್ಷಣೆಯನ್ನು ಹೇಗೆ ಓದಬೇಕು ಎಂಬುದನ್ನು ಅವನನ್ನು ನೋಡಿಯೇ ಕಲಿತೆನೆಂದು ಮಹೋಮ್ಸ್ ಮತ್ತೆ ಮತ್ತೆ ಹೇಳಿದ್ದಾನೆ. ಮರುವರ್ಷ 50 ಟಚ್‌ಡೌನ್ ಎಸೆತ, ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ. 2020, 2023, 2024ರಲ್ಲಿ ಸೂಪರ್ ಬೌಲ್. ನಿಮ್ಮ ಲೀಗ್ ಆತುರದಲ್ಲಿ ಹಾಳುಮಾಡಿದ ಹುಡುಗನೇ, ನಿಮ್ಮ ಲೀಗಿನ ಅತಿ ದೊಡ್ಡ ತಾರೆಗೆ ಕಾಯುವ ವರ್ಷದ ಗುರುವಾದ. ಇದಕ್ಕಿಂತ ಕಟುವಾದ ಟೀಕೆಯನ್ನು ನಾನು ಬರೆಯಲಾರೆ.

ಮತ್ತೆ ಗ್ರೀನ್ ಬೇಗೇ ಬರುತ್ತೇನೆ. ಅಲ್ಲಿ ಒಂದು ವಿಶೇಷವಿದೆ, ಅದು ನಿಮಗೆ ರುಚಿಸಲಿಕ್ಕಿಲ್ಲ. 32 ತಂಡಗಳಲ್ಲಿ ಮಾಲೀಕನಿಲ್ಲದ ತಂಡ ಅದೊಂದೇ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರು, ಅವರಿಗೆ ಲಾಭಾಂಶವೂ ಇಲ್ಲ. ಅಂಥ ಒಡೆತನಕ್ಕೆ ಬೇರೆ ಯಾವ ತಂಡಕ್ಕೂ ನಿಮ್ಮ ನಿಯಮ ಅವಕಾಶ ಕೊಡುವುದಿಲ್ಲ. 1992ರಿಂದ ಮೂವತ್ತು ವರ್ಷಕ್ಕೂ ಮೀರಿ ಆ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಳು ಮೂವರೇ: ಫಾವ್ರ್, ರಾಜರ್ಸ್, ಜೋರ್ಡನ್ ಲವ್. 2020ರಲ್ಲಿ ಆಯ್ಕೆಯಾದ ಲವ್ ಕೂಡ ಮೂರು ವರ್ಷ ಕಾದು, 2023ರಲ್ಲಿ ಆಡಿ, ಆ ವರ್ಷವೇ ತಂಡವನ್ನು ನಾಕೌಟ್ ಹಂತವಾದ ಪ್ಲೇಆಫ್‌ಗೆ ಒಯ್ದ. ಗಾಜಿನ ಕೋಣೆಯಲ್ಲಿ ಕೂತು ಪಂದ್ಯ ನೋಡಿ, ಸೋಮವಾರ ಬೆಳಿಗ್ಗೆ ಫೋನ್ ಮಾಡುವವರು ಅಲ್ಲಿ ಯಾರೂ ಇಲ್ಲ. ಲೀಗಿನಲ್ಲಿ ಅತಿ ಹೆಚ್ಚು ತಾಳ್ಮೆಯ ತಂಡ ಯಜಮಾನನಿಲ್ಲದ ತಂಡವೇ ಆಗಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನಿಮ್ಮ ಆತುರಕ್ಕೆ ಹಣದ ಲೆಕ್ಕವೂ ಇದೆ, ಗೊತ್ತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತರಿ ಹಣವೇ 5 ಕೋಟಿ ಡಾಲರ್ ಕೊಡಬೇಕಾಯಿತು. 2011ರಲ್ಲಿ ಆಟಗಾರರ ಸಂಘದೊಂದಿಗೆ ಹೊಸ ಒಪ್ಪಂದ ಮಾಡಿಕೊಂಡಿರಿ. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಒಟ್ಟು 2.2 ಕೋಟಿ. ಅಂದಿನಿಂದ ಹೊಸ ಹುಡುಗನೆಂದರೆ ಅಗ್ಗದ ಸರಕು. ಅವನು ಅಗ್ಗವಿರುವ ನಾಲ್ಕೈದು ವರ್ಷದಲ್ಲೇ ಉಳಿದ ಹಣದಿಂದ ತಂಡ ಕಟ್ಟಿ ಗೆದ್ದುಬಿಡಬೇಕು, ಬೆಂಚಿನಲ್ಲಿ ಕಳೆದ ಒಂದೊಂದು ವರ್ಷವೂ ನಷ್ಟ ಎಂಬ ಗಣಿತ ಹುಟ್ಟಿತು. ಗಣಿತ ತಪ್ಪಿಲ್ಲ. ಆದರೆ ಉಳಿದ ಹಣದಿಂದ ಮೊದಲು ಕಟ್ಟಬೇಕಾದದ್ದು ಲೈನ್ ಅಲ್ಲವೇ? 2024ರಲ್ಲಿ ಶಿಕಾಗೋ ಬೇರ್ಸ್ ಮೊದಲ ಆಯ್ಕೆಯಾಗಿ ತಂದ ಕೇಲೆಬ್ ವಿಲಿಯಮ್ಸ್ ಆ ಋತುವಿನಲ್ಲಿ 68 ಬಾರಿ ಸ್ಯಾಕ್ ಆದ. ನವೆಂಬರಿನಲ್ಲಿ ಮೊದಲು ದಾಳಿಯ ಕೋಚ್ ಮನೆಗೆ, ತಿಂಗಳ ಕೊನೆಗೆ ಮುಖ್ಯ ಕೋಚ್ ಮನೆಗೆ. ಮರುವರ್ಷ ಮಾರ್ಚಿನಲ್ಲಿ ಲೈನಿನ ನಡುವಿನ ಮೂರು ಜಾಗಕ್ಕೂ ಹೊಸಬರನ್ನು ತಂದರು. 68 ಏಟು ಬಿದ್ದ ಮೇಲೆ!

ಕ್ಯಾರೊಲಿನಾ ಪ್ಯಾಂಥರ್ಸ್ ಕಥೆ ಇನ್ನೂ ಕೆಟ್ಟದ್ದು. 2023ರಲ್ಲಿ ಬ್ರೈಸ್ ಯಂಗ್‌ಗಾಗಿ ಶಿಕಾಗೋಗೆ ಒಳ್ಳೊಳ್ಳೆಯ ಡ್ರಾಫ್ಟ್ ಆಯ್ಕೆಗಳನ್ನು ಕೊಟ್ಟು, ಹುಡುಗ ಯಾರಿಗೆ ಚೆಂಡು ಎಸೆಯಬೇಕಿತ್ತೋ ಆ ಡಿ.ಜೆ. ಮೂರ್‌ನನ್ನೂ ಕೊಟ್ಟುಬಿಟ್ಟರು. ಹನ್ನೊಂದು ಪಂದ್ಯಕ್ಕೆ ಕೋಚ್ ಫ್ರ್ಯಾಂಕ್ ರೈಕ್ ವಜಾ. ತಂಡ ಗೆದ್ದದ್ದು ಎರಡು, ಸೋತದ್ದು ಹದಿನೈದು. ಮರುವರ್ಷ ಎರಡೇ ಪಂದ್ಯಕ್ಕೆ ಯಂಗ್‌ನನ್ನು ಬೆಂಚಿಗೆ ಕಳಿಸಿದರು. ಐದು ಪಂದ್ಯ ಹಳಬ ಆಂಡಿ ಡಾಲ್ಟನ್ ಹಿಂದೆ ನಿಂತು ನೋಡಿದ ಮೇಲೆ ಮರಳಿದ ಯಂಗ್ ಗಮನಾರ್ಹವಾಗಿ ಸುಧಾರಿಸಿದ್ದ. ಆ ಐದು ವಾರವನ್ನು ಮೊದಲ ವರ್ಷವೇ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಮೊದಲ ದಿನವೇ ಇಳಿದು ಬೆಳೆದವರೂ ಇದ್ದಾರೆಂದು ನೀವು ಪೇಟನ್ ಮ್ಯಾನಿಂಗ್ ಹೆಸರು ಹೇಳುತ್ತೀರಿ. 1998ರಲ್ಲಿ ಮೊದಲ ಪಂದ್ಯದಿಂದಲೇ ಆಡಿ 28 ಇಂಟರ್‌ಸೆಪ್ಷನ್ ಎಸೆದ. ಹೊಸಬರಲ್ಲಿ ಅದು ಈಗಲೂ ದಾಖಲೆ. ಮರುವರ್ಷವೇ ಹದಿಮೂರು ಪಂದ್ಯ ಗೆದ್ದ. ನಿಜ. ಆದರೆ ಅವನ ದಾಳಿಯ ಕೋಚ್ ಟಾಮ್ ಮೂರ್ ಆ ವರ್ಷ ಬಂದವರು ಹತ್ತು ವರ್ಷ ಕಳೆದರೂ ಜಾಗ ಬಿಡಲಿಲ್ಲ. ಟ್ರಾಯ್ ಏಕ್‌ಮನ್ ಹೆಸರೂ ಬರುತ್ತದೆ. 1989ರಲ್ಲಿ ಅವನು ಆರಂಭಿಸಿದ ಹನ್ನೊಂದು ಪಂದ್ಯವನ್ನೂ ಡಲ್ಲಾಸ್ ಸೋತಿತು, ಇಡೀ ಋತುವಿನಲ್ಲಿ ಗೆದ್ದದ್ದು ಒಂದು. ಆ ವರ್ಷವಷ್ಟೇ ತಂಡ ಕೊಂಡಿದ್ದ, ನಿಮ್ಮಲ್ಲೊಬ್ಬರಾದ ಜೆರ್ರಿ ಜೋನ್ಸ್ ಕೋಚ್ ಜಿಮ್ಮಿ ಜಾನ್ಸನ್ ಅವರನ್ನು ಕಿತ್ತುಹಾಕಲಿಲ್ಲ. 1993ರ ಜನವರಿಯಲ್ಲಿ ಸೂಪರ್ ಬೌಲ್ ಬಂತು. (ಆಮೇಲೆ ಇಬ್ಬರೂ ಮುನಿಸಿಕೊಂಡು ಬೇರೆಯಾದದ್ದು ಬೇರೆ ಮಾತು.) ಬೇಯುವ ತನಕ ಕಾದವರು ಆರುವ ತನಕ ಕಾಯಲಾರರೇ ಎನ್ನುವುದು ನಮ್ಮ ಕಡೆಯ ಗಾದೆ. ಜೋನ್ಸ್ ಆಗ ಕಾದರು. ನೀವು ತೋರಿಸುವ ಉದಾಹರಣೆಗಳೇ ನಿಮಗೆ ಎದುರು ಸಾಕ್ಷಿ.

ಬೆಂಚಿನಲ್ಲಿ ಮಂತ್ರವೇನೂ ಇಲ್ಲ, ಅದನ್ನೂ ಹೇಳಬೇಕು. 2021ರಲ್ಲಿ ಫಾರ್ಟಿನೈನರ್ಸ್ ದುಬಾರಿ ಬೆಲೆ ತೆತ್ತು ತಂದ ಟ್ರೇ ಲ್ಯಾನ್ಸ್ ಮೊದಲ ವರ್ಷ ಬಹುಪಾಲು ಜಿಮ್ಮಿ ಗರೋಪಲೋ ಹಿಂದೆ ಕೂತ. ಮರುವರ್ಷ ಎರಡನೇ ಪಂದ್ಯದಲ್ಲೇ ಕಣಕಾಲು ಮುರಿದುಕೊಂಡ. 2023ರಲ್ಲಿ ನಾಲ್ಕನೇ ಸುತ್ತಿನ ಆಯ್ಕೆಯೊಂದಕ್ಕೆ ಡಲ್ಲಾಸ್ ಪಾಲಾದ. ಕೋವಿಡ್‌ನಿಂದಾಗಿ ಕಾಲೇಜಿನ ಕೊನೆಯ ಋತುವಿನಲ್ಲಿ ಒಂದೇ ಪಂದ್ಯ ಆಡಿದ್ದ ಅವನಿಗೆ ಬೇಕಿದ್ದದ್ದು ಆಟ. ವಾರದ ಅಭ್ಯಾಸದಲ್ಲಿ ಹೆಚ್ಚಿನ ಪಾಲು ಭಾನುವಾರ ಆಡುವವನದೇ. ಎರಡನೆಯವನು ಎದುರಾಳಿ ತಂಡದ ಆಟವನ್ನು ಅನುಕರಿಸಿ ತೋರಿಸುವ ಕೆಲಸಕ್ಕೆ ನಿಲ್ಲುತ್ತಾನೆ. ಇದು ಕಲಿಕೆಯಲ್ಲ, ಕಾವಲು. ಅಭ್ಯಾಸ ಪಂದ್ಯಗಳನ್ನೂ 2021ರಿಂದ ನಾಲ್ಕರಿಂದ ಮೂರಕ್ಕೆ ಇಳಿಸಿದ್ದೀರಿ. ಋತು ಮುಗಿದರೆ ಏಪ್ರಿಲ್ ತನಕ ಕೋಚ್ ಹುಡುಗನಿಗೆ ಪಾಠ ಹೇಳುವಂತಿಲ್ಲ. ಆಟಗಾರರ ಸಂಘದೊಂದಿಗೆ ಕೂತು ಮೊದಲೆರಡು ವರ್ಷದ ಕ್ವಾರ್ಟರ್‌ಬ್ಯಾಕ್‌ಗಳಿಗಷ್ಟೇ ಈ ನಿಯಮ ಸಡಿಲಿಸುವುದು ಆಗದ ಮಾತೇನಲ್ಲ.

ಹಾಗಾದರೆ ಮೊದಲ ದಿನವೇ ಯಾರನ್ನೂ ಇಳಿಸಬಾರದೇ? ಇಳಿಸಬಹುದು. ಕಾರ್ ಮಣ್ಣುಮುಕ್ಕಿದ ಅದೇ ಹ್ಯೂಸ್ಟನ್‌ನಲ್ಲಿ 2023ರಲ್ಲಿ ಸಿ.ಜೆ. ಸ್ಟ್ರೌಡ್ ಮೊದಲ ಪಂದ್ಯದಿಂದಲೇ ಆಡಿ, 23 ಟಚ್‌ಡೌನ್‌ಗೆ ಐದೇ ಇಂಟರ್‌ಸೆಪ್ಷನ್ ಎಸೆದು ವರ್ಷದ ಹೊಸಬನ ಪ್ರಶಸ್ತಿ ಪಡೆದ. ಮರುವರ್ಷ ಲೈನ್ ಸಡಿಲವಾಯಿತು, ಅವನೇ 52 ಬಾರಿ ಸ್ಯಾಕ್ ಆದ, ದಾಳಿಯ ಕೋಚ್ ಕೆಲಸ ಹೋಯಿತು. ಹುಡುಗ ಬದಲಾಗಿರಲಿಲ್ಲ, ಸುತ್ತಲಿನದು ಬದಲಾಗಿತ್ತು. ಆದ್ದರಿಂದ ಇಳಿಸುವ ದಿನವನ್ನು ಕೋಚ್ ಗೊತ್ತುಮಾಡಲಿ. ಲೈನ್ ನಿಲ್ಲುತ್ತದೆಯೇ ಎಂದು ನೋಡಿ ಗೊತ್ತುಮಾಡಲಿ. ನಿಂತಿಲ್ಲವಾದರೆ ಹಳಬನೇ ಆಡಲಿ, ಸೋಲಲಿ. ಟಿಕೆಟ್ ಕೊಂಡ ನಾವು ಆ ಸೋಲನ್ನು ತಡೆದುಕೊಳ್ಳುತ್ತೇವೆ. ನಿಮಗಿಂತ ಚೆನ್ನಾಗಿಯೇ ತಡೆದುಕೊಳ್ಳುತ್ತೇವೆ.

ಮುಂದಿನ ಏಪ್ರಿಲ್‌ನಲ್ಲಿ ಹುಡುಗನ ಹೆಸರು ಕೂಗಿಸುವ ಮೊದಲು, ಅವನ ಮುಖ್ಯ ಕೋಚ್‌ಗೂ ದಾಳಿಯ ಕೋಚ್‌ಗೂ ಎರಡು ಪೂರ್ತಿ ಋತುಗಳ ಭರವಸೆಯನ್ನು ಬಹಿರಂಗವಾಗಿ ಕೊಡಿ. ಅಷ್ಟು ಕೊಡಲು ಆಗದಿದ್ದರೆ ಆ ಆಯ್ಕೆಯನ್ನು ಬೇರೆ ತಂಡಕ್ಕೆ ಮಾರಿಬಿಡಿ. ಕೊಳ್ಳುವವರು ಸಾಲುಗಟ್ಟಿ ನಿಂತಿರುತ್ತಾರೆ.

ಇತಿ,
ಟಿಕೆಟ್ ಕೊಂಡು ಆಟ ನೋಡುವ ಒಬ್ಬ ಕನ್ನಡಿಗ